ವೀರಪ್ಪನಿಂದ ಬಚ್ಚಿಟ್ಟ ಹಾಡು

ವೀರಪ್ಪ ತೀರಿಕೊಂಡ ಸುದ್ದಿ ಬಂದಾಗ ದುಂಡಪ್ಪನ ಬಲಗೆನ್ನೆ ನುಣ್ಣಗಾಗಿತ್ತು, ಎಡಗೆನ್ನೆಯ ಮೇಲೆ ಇನ್ನೂ ಸಬಕಾರದ ನೊರೆ ಇತ್ತು. ಗೋಕಾಕದ ಪೇಟೆಯಲ್ಲಿ ತನ್ನ ಜವಳಿ ಅಂಗಡಿಯ ಕಟ್ಟೆಯ ಮೇಲೆ ಬೆಳಗಿನ ಬಿಸಿಲಿಗೆ ಮುಖ ಒಡ್ಡಿ ಕುಳಿತಿದ್ದ. ನಾವಲಿಗ ಹನಮಂತ ಅವನ ಮೂಗು ಹಿಡಿದು ಮೇಲಕ್ಕೆತ್ತಿ ಮೀಸೆಯ ಅಂಚು ತಿದ್ದುತ್ತಿದ್ದ. ಆಗ ಮೂಡಲಗಿಯ ಮೊದಲ ಮೋಟಾರಿನಿಂದ ಇಳಿದು, ಮೈಯೆಲ್ಲ ಇದ್ದಲಿ ಹೊಗೆಯ ವಾಸನೆ ಹೊತ್ತುಕೊಂಡು, ವೀರಪ್ಪನ ಹೊಲದಾಳು ಬೀರಸಿದ್ದಪ್ಪ ಬಂದು ನಿಂತ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸಾವ್ಕಾರ್ರ, ನಮ್ಮ ಧಣ್ಯಾರು ರಾತ್ರಿ ಹ್ವಾದ್ರರಿ. ಉಂಡು ಕೈ ತೊಳಕೊಂಡು, ಎದಿ ಹಿಡಕೊಂಡು ಕುಂತಾವ್ರು ಏಳಲಿಲ್ರಿ. ಸಂಜಿಮುಂದ ಮಣ್ಣು ಮಾಡೂದೈತಿ. ನೀವು ಬರೂತನಕ ಎತ್ತಬ್ಯಾಡ್ರಿ ಅಂತ ಕಾಶೆವ್ವಾರು ಹೇಳ್ಯಾರ್ರಿ."

ಹನಮಂತನ ಕೈ ಮೂಗಿನ ಮೇಲೆಯೇ ನಿಂತಿತು. ಆ ಹಿಡಿತದಲ್ಲಿ ಉಸಿರಾಡಲಾಗದೆ ಬಾಯಿ ತೆರೆದುಕೊಂಡು ಕುಳಿತ ದುಂಡಪ್ಪನ ಮನಸ್ಸಿನಲ್ಲಿ ಮೊದಲು ಹುಟ್ಟಿದ ಮಾತು ಇದು: ಇನ್ನು ಆ ಹಾಡನ್ನು ನೆಮ್ಮದಿಯಿಂದ ಕೇಳಬಹುದು. ಅಯ್ಯೋ ಅನ್ನುವುದಕ್ಕೆ ಮೊದಲು, ಶಿವಾ ಅನ್ನುವುದಕ್ಕೆ ಮೊದಲು, ಶಾಲೆಯ ದಿನದಿಂದ ಜೊತೆಗಿದ್ದ ಗೆಳೆಯನ ಮುಖ ಕಣ್ಣ ಮುಂದೆ ಬರುವುದಕ್ಕೂ ಮೊದಲು ಈ ಮಾತು ಬಂತು. ಕರೆಯದೆ ಬಂತು. ಬಂದು, ಊಟದ ಪಂಕ್ತಿಯಲ್ಲಿ ಮನೆಯವರಿಗಿಂತ ಮುಂಚೆ ಎಲೆ ಹಿಡಿದು ಕೂತ ಬೇರೆ ಊರವನ ಹಾಗೆ ನಾಚಿಕೆಯಿಲ್ಲದೆ ಕೂತುಬಿಟ್ಟಿತು. ದುಂಡಪ್ಪ ಅದನ್ನು ಎಬ್ಬಿಸಲು ನೋಡಿದ. ವೀರಪ್ಪ ಸತ್ತ, ವೀರಪ್ಪ ಸತ್ತ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಹೌದು ಸತ್ತ, ಇನ್ನು ಹಾಡು ಕೇಳಬಹುದು, ಎಂದಿತು ಅದು. ದುಂಡಪ್ಪ ಗಾಬರಿಯಿಂದ ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡ. ಮುಂಜಾನೆಯಷ್ಟೇ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಿದ್ದ. ಅದೇ ಅಂಗೈ, ಅದೇ ಮನಸ್ಸು.

ಹನಮಂತ ಮೂಗು ಬಿಟ್ಟ. ಕತ್ತಿಯನ್ನು ಒರೆಸಿ, ಮಡಚಿ, ಹಡಪದ ಚೀಲದೊಳಗೆ ಇಟ್ಟ.

"ಯಾಕೋ, ಇನ್ನೊಂದ ಬಾಜೂ ಮಾಡು."

"ಸಾವಿನ ಸುದ್ದಿ ಕೇಳಿದ ಕತ್ತಿ ಆ ದಿವಸ ಮತ್ತ ಮುಖಾ ಮುಟ್ಟೂದಿಲ್ರಿ. ನಮ್ಮಪ್ಪ ಹಾಕಿಕೊಟ್ಟ ಪದ್ಧತಿ."

"ಅರ್ಧಾ ಬಿಟ್ಟು ಹೆಂಗ ಹೋಗಲೋ?"

"ಹೋದವ್ರೇನ ನೋಡೂದಿಲ್ರಿ."

"ಇದ್ದವ್ರು ನೋಡ್ತಾರಲ್ಲೋ!"

ಹನಮಂತ ನೀರು ಚೆಲ್ಲಿ ಹೊರಟೇಹೋದ. ಒಳಗಿನಿಂದ ಬಂದ ಚನ್ನವ್ವ ಸುದ್ದಿ ಕೇಳಿ, ಸೆರಗು ಬಾಯಿಗಿಟ್ಟುಕೊಂಡು, ಸ್ವಂತ ಅಣ್ಣನ ಹಾಗೆ ಕಾಣುತ್ತಿದ್ದ ವೀರಪ್ಪನಿಗಾಗಿ ಮನಸಾರೆ ಅತ್ತಳು. ಹೆಂಡತಿ ಎಷ್ಟು ಸರಳವಾಗಿ ಅಳುತ್ತಾಳಲ್ಲ ಎಂದು ದುಂಡಪ್ಪನಿಗೆ ಹೊಟ್ಟೆಕಿಚ್ಚಾಯಿತು. ಆಕೆ ಕಣ್ಣೊರೆಸಿಕೊಂಡು ಗಂಡನ ಮುಖ ನೋಡಿದಳು. ನೋಡಿ ಅಳು ನಿಲ್ಲಿಸಿದಳು.

"ಯವ್ವಾ, ಹಿಂಗ ಹೋಗ್ತೀರೇನ್ರಿ?"

"ಮತ್ತೇನ ಮಾಡ್ಲಿ?"

"ರುಮಾಲಿನ ಸೆರಗು ಇಳೀಬಿಡ್ರಿ. ಎಡಗಡೆ ಯಾರನ್ನೂ ಕುಂದರಸಬ್ಯಾಡ್ರಿ. ಮನ್ಯಾಗ ಆಕಳಾ ಕರಾ ಹಾಕೂಹಂಗ ಐತಿ, ಇಲ್ಲಂದ್ರ ನಾನೂ ಬರ್ತಿದ್ನಿ."

ಎಡಗೆನ್ನೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುವಾಗ ದುಂಡಪ್ಪನಿಗೆ ತಾನು ಯಾವುದಕ್ಕೋ ಕಾಯುತ್ತಿದ್ದೇನೆ ಅನಿಸಿತು. ಸ್ವಲ್ಪ ಹೊತ್ತಿಗೆ ಗೊತ್ತಾಯಿತು. ಈ ಅರ್ಧ ಮುಖವನ್ನು ನೋಡಿ ವೀರಪ್ಪ ಏನನ್ನುತ್ತಾನೋ ಎಂದು ಕಾಯುತ್ತಿದ್ದ.

ವೀರಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ದುಂಡಪ್ಪ ಯಾವತ್ತೋ ಅವನನ್ನು ಬಿಡುತ್ತಿದ್ದ. ಮೂಡಲಗಿಯಿಂದ ಸಂತೆಗೆ ಬಂದಾಗಲೆಲ್ಲ ನೆಲಗಡಲೆಯ ಚೀಲ ತಂದು ಅಂಗಡಿಯಲ್ಲಿ ಇಳಿಸುತ್ತಿದ್ದ, ದುಂಡಪ್ಪನ ಮಗಳಿಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ್ದ. ಆದರೆ ಹಾಡು ಎಂಬುದು ಎಲ್ಲಿ ಶುರುವಾಗುತ್ತದೋ ಅಲ್ಲಿ ವೀರಪ್ಪನ ಬಾಯಿಯೂ ಶುರುವಾಗುತ್ತಿತ್ತು. ಜೋರಾಗಿ ಅಲ್ಲ, ಪಕ್ಕದವನಿಗೆ ಮಾತ್ರ ಕೇಳುವಷ್ಟು, ಮತ್ತು ಪಕ್ಕದವನು ಯಾವಾಗಲೂ ದುಂಡಪ್ಪನೇ. ಗೋಕಾಕದ ಚಹಾದ ಅಂಗಡಿಗೆ ಹೊಸದಾಗಿ ಫೋನೋ ಪೆಟ್ಟಿಗೆ ಬಂದಾಗ, ಅದರ ಹಿತ್ತಾಳೆ ಬಾಯಿಯಿಂದ ಯಾವಳೋ ಪುಣ್ಯಾತ್ಮಗಿತ್ತಿಯ ದನಿ ಜೇನಿನ ಹಾಗೆ ಇಳಿಯುತ್ತಿದ್ದಾಗ, ವೀರಪ್ಪ ಬಗ್ಗಿ ಹೇಳಿದ: "ಡಬ್ಬ್ಯಾಗ ಸಿಕ್ಕೊಂಡಾಳೋ ದುಂಡ್ಯಾ. ಯಾರಾರ ಮುಚ್ಚಳಾ ತಗೀರೋ ಅಂತ ಒದರಾಕತ್ತಾಳ." ಅಷ್ಟೇ. ಅಂದಿನಿಂದ ಆ ಪ್ಲೇಟು ಹಾಕಿದರೆ ಸಾಕು, ದುಂಡಪ್ಪನಿಗೆ ರಾಗ ಕೇಳಿಸುತ್ತಿರಲಿಲ್ಲ. ಒಳಗೆ ಗಾಳಿ ಇದೆಯೋ ಇಲ್ಲವೋ ಎಂದು ಚಿಂತೆಯಾಗುತ್ತಿತ್ತು. ಹತ್ತರಗಿಯ ಮದುವೆಯಲ್ಲಿ ಸನಾದಿಯವನು ಭೂಪ ರಾಗದ ಹಾಗಿನ ಏನನ್ನೋ ಎತ್ತಿಕೊಂಡು ಮುಗಿಲಿಗೆ ಏಣಿ ಹಾಕುತ್ತಿದ್ದ. "ಪಾಪ, ಎರಡ ಲಾಡು ಬಾಯಾಗ ಇಟಗೊಂಡಾನ. ನುಂಗಾಕ ಬಿಡುವ ಸಿಗವಲ್ದು," ಎಂದ ವೀರಪ್ಪ. ದುಂಡಪ್ಪ ಮುಗಿಯುವ ತನಕ ಆ ಉಬ್ಬಿದ ಗಲ್ಲಗಳನ್ನೇ ನೋಡುತ್ತ, ಈಗ ನುಂಗುತ್ತಾನೆ, ಈಗ ನುಂಗುತ್ತಾನೆ ಎಂದು ತಾನೇ ಉಗುಳು ನುಂಗಿದ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ನಡೆದದ್ದು ಹುಕ್ಕೇರಿಯಲ್ಲಿ, ಶ್ರಾವಣದ ಒಂದು ಸೋಮವಾರ. ಶೆಟ್ಟೆಪ್ಪ ಬುವಾ ಹುಕ್ಕೇರಿಯವರು. ಭಜನೆಯ ಪದಗಳಿಗೆ ಅವರಂಥ ಗಂಟಲು ಸುತ್ತಿನ ಊರುಗಳಲ್ಲಿ ಇರಲಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಬುವಾರ ಬಲಗೈ ಮುಂದೆ ಚಾಚಿ, ಬೆರಳು ಬಾಗಿಸಿ, ಗಾಳಿಯಲ್ಲಿ ಸುತ್ತುತ್ತಿತ್ತು. ದುಂಡಪ್ಪ ಕಣ್ಣು ಮುಚ್ಚಿಕೊಂಡು ಕೂತಿದ್ದ. ಪಕ್ಕೆಗೆ ಮೊಣಕೈ ತಾಗಿತು. "ಕಣ್ಣ ತಗದ ನೋಡಲೇ. ಕೊಡ ಬಾವ್ಯಾಗ ಬಿದ್ದೈತಿ. ಪಾತಾಳಗರಡಿ ಆಡಸಾಕತ್ತಾನ." ದುಂಡಪ್ಪ ನೋಡಿದ. ನೋಡಬಾರದಿತ್ತು. ಬುವಾರ ಕೈ ನಿಜವಾಗಿಯೂ ಬಾವಿಗೆ ಬಿಟ್ಟ ಕೊಕ್ಕೆಯ ಹಾಗೆ ಆಳದ ಕತ್ತಲೆಯಲ್ಲಿ ಕಾಣದ ಕೊಡವನ್ನು ತಡಕಾಡುತ್ತಿತ್ತು. ಬುವಾ ಸ್ವರ ಹಿಡಿದು ನಿಂತಾಗ, "ಸಿಕ್ತು, ಸಿಕ್ತು," ಎಂದ ವೀರಪ್ಪ. ಬುವಾ ಸ್ವರ ಬಿಟ್ಟು ಕೆಳಗಿಳಿದಾಗ, "ಥೋ, ಜಾರಿತು." ಅಂದಿನಿಂದ ಶೆಟ್ಟೆಪ್ಪ ಬುವಾ ಎಲ್ಲಿ ಹಾಡಿದರೂ ದುಂಡಪ್ಪ ಆ ಬಾವಿಯ ದಂಡೆಯ ಮೇಲೆಯೇ ನಿಂತಿರುತ್ತಿದ್ದ.

ಉಳಿದದ್ದು ಒಂದೇ ಹಾಡು. ಅದು ಸಿಕ್ಕದ್ದು ಘಟಪ್ರಭಾ ಸ್ಟೇಷನ್ನಿನಲ್ಲಿ, ಯಾರೂ ಇಲ್ಲದ ಮಧ್ಯಾಹ್ನ. ಶೆಟ್ಟೆಪ್ಪ ಬುವಾ ಟ್ರಂಕಿನ ಮೇಲೆ ಕುಳಿತು, ಯಾರೂ ಕೇಳುತ್ತಿಲ್ಲ ಎಂದುಕೊಂಡು, ಕೈ ಎರಡನ್ನೂ ತೊಡೆಯ ಕೆಳಗೆ ಬೆಚ್ಚಗಿಟ್ಟುಕೊಂಡು, ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದರು. "ಬಾಗಿಲ ತೆರೆದಿಟ್ಟು ಕೂತೇನೊ ಶಿವನೆ, ಹಾದಿ ತಪ್ಪಿಯಾದರು ಬಾರೊ." ದುಂಡಪ್ಪ ನೀರಿನ ಹರವಿಯ ಹಿಂದೆ ನಿಂತು ಕೇಳಿದ. ಅವನ ಮೈಮೇಲೆ ಮುಳ್ಳು ಎದ್ದವು. ರೈಲು ಬಂದು ಹೋದದ್ದು ತಿಳಿಯಲಿಲ್ಲ. ಹೋಗಿದ್ದು ಅವನು ಹತ್ತಬೇಕಾದ ರೈಲೇ. ಆ ಹಾಡಿನ ಸುದ್ದಿಯನ್ನು ದುಂಡಪ್ಪ ವೀರಪ್ಪನ ಮುಂದೆ ಒಂದು ದಿನವೂ ಎತ್ತಲಿಲ್ಲ. ಮನೆಯಲ್ಲಿ ತಾನೊಬ್ಬನೇ ಇದ್ದಾಗ ಅದನ್ನು ಗುನುಗುತ್ತಿದ್ದ, ಅಂಗಳದಲ್ಲಿ ವೀರಪ್ಪನ ಕೆಮ್ಮು ಕೇಳಿದರೆ ಬೆಲ್ಲದ ಡಬ್ಬಿ ಮುಚ್ಚಿದ ಹಾಗೆ ಬಾಯಿ ಮುಚ್ಚುತ್ತಿದ್ದ. ಏನೋ ಬಚ್ಚಿಡ್ತೀ ದುಂಡ್ಯಾ ಎಂದು ವೀರಪ್ಪ ಕೇಳಿದರೆ, ಏನೂ ಇಲ್ಲ, ಹೊಟ್ಟೆ ಉಬ್ಬರ, ಎನ್ನುತ್ತಿದ್ದ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರಿನ ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿದ್ದರು. ಮೂಡಲಗಿಗೆ ಹೋಗುವ ಮೋಟಾರಿನಲ್ಲಿ ದುಂಡಪ್ಪ ಎಡಗಡೆಯ ಕಿಟಕಿಗೆ ಅಂಟಿಕೊಂಡು, ಎಡಗೆನ್ನೆಯನ್ನು ಹೊರಗಿನ ಹೊಲಗಳಿಗೆ ಕೊಟ್ಟು ಕೂತ. ಅಷ್ಟರಲ್ಲಿ ಅತ್ತರಿನ ವಾಸನೆ ಬಂತು. ರೇಷ್ಮೆ ರುಮಾಲು, ಹೆಗಲ ಮೇಲೆ ಶಾಲು, ಹಿಂದೆ ಹಮಾಲನ ತಲೆಯ ಮೇಲೆ ಹಾರ್ಮೋನಿಯಂ ಪೇಟಿ. ಶೆಟ್ಟೆಪ್ಪ ಬುವಾ ಹತ್ತಿ ಬಂದು ಅವನ ಬಲಕ್ಕೇ ಕೂತರು. ಅವರ ಎದುರಿನ ಹಲಗೆಯ ಮೇಲೆ ಗಂಟು ಹಿಡಿದುಕೊಂಡ ಒಬ್ಬ ಮುದುಕಿ ಕೂತಳು. ವೀರಪ್ಪನ ಸೋದರತ್ತೆ ಅಕ್ಕವ್ವ. ಅವಳಿಗೆ ದುಂಡಪ್ಪನ ಗುರುತು ಹತ್ತಲಿಲ್ಲ, ರುಮಾಲಿನ ಸೆರಗಿನಲ್ಲಿ ಮುಚ್ಚಿದ ಗಲ್ಲ ಮಾತ್ರ ಕಂಡಿತು.

"ಯಾಕ್ರಿ ಯಪ್ಪಾ, ಹಲ್ಲ ನೋವೇನ್ರಿ?"

"ಹೌದ್ರಿ," ಎಂದುಬಿಟ್ಟ ದುಂಡಪ್ಪ. ಸುಳ್ಳು ಎಷ್ಟು ಸುಲಭವಾಗಿ ಬಂತೆಂದರೆ ಒಂದು ಹಲ್ಲು ನಿಜವಾಗಿಯೂ ಚುಳ್ ಎಂದಿತು.

ಮುದುಕಿ ಗಂಟು ಬಿಚ್ಚಿ ಒಂದು ಲವಂಗ ಕೊಟ್ಟಳು. ದುಂಡಪ್ಪ ಅದನ್ನು ನೋಯದ ಹಲ್ಲಿನ ಕೆಳಗೆ ಇಟ್ಟುಕೊಂಡ. ನಾಲಗೆ ಉರಿಯಿತು. ಕಣ್ಣಲ್ಲಿ ನೀರು ಬಂತು. ಗೆಳೆಯನಿಗೆ ಬಾರದ ಕಣ್ಣೀರು ಲವಂಗಕ್ಕೆ ಬಂದದ್ದಕ್ಕೆ ಅವನಿಗೆ ಬಹಳ ನಾಚಿಕೆಯಾಯಿತು.

"ನೀವೂ ವೀರಪ್ಪನವರ ಮಣ್ಣಿಗೇನ್ರಿ?" ಎಂದು ಬುವಾ ಕೇಳಿದರು. "ನನ್ನ ಭಜನಿಗೆ ಕರಸ್ಯಾರ. ನಿನ್ನಿ ಗೋಕಾಕದಾಗ ಹಾಡಿದ್ನಿ, ಹಂಗ ಹೊಂಟೇನಿ. ಅವರಿಗೆ ನನ್ನ ಹಾಡಿಕಿ ಅಂದ್ರ ಭಾಳ ಪ್ರೀತಿ ಅಂತ. ಎಲ್ಲಿ ಹಾಡಿದ್ರೂ ಮುಂದಿನ ಸಾಲಿನ್ಯಾಗ ಇರತಿದ್ರು. ನಕ್ಕೋತ ಕೇಳತಿದ್ರು. ಹಂಗ ನಕ್ಕೋತ ಕೇಳಾವ್ರು ಎಷ್ಟ ಮಂದಿ ಅದಾರ್ರಿ?"

"ಇಲ್ರಿ. ಅವರಂಥಾವ್ರು ಇಲ್ರಿ."

"ನನ್ನ ಬಗ್ಗೆ ಏನರ ಅಂತಿದ್ರೇನು?"

ದುಂಡಪ್ಪ ಲವಂಗವನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದ. "ಆಳಕ್ಕ ಇಳೀತಾರ ಅಂತಿದ್ರು."

ಬುವಾ ಕಣ್ಣು ಮುಚ್ಚಿ ತಲೆದೂಗಿದರು. "ಖರೇ ರಸಿಕ. ಮತ್ತ?"

"ಇಳದ್ರ ಬರಿಗೈಲೆ ಬರೂದಿಲ್ಲ ಅಂತಿದ್ರು."

ಬುವಾ ಶಾಲಿನ ಅಂಚಿನಿಂದ ಕಣ್ಣೊತ್ತಿಕೊಂಡರು. ಸತ್ತವನ ಬಾಯಿಂದ ಇಷ್ಟು ಒಳ್ಳೆಯ ಮಾತು ಆಡಿಸುವುದು ಪಾಪವೋ ಪುಣ್ಯವೋ ದುಂಡಪ್ಪನಿಗೆ ತಿಳಿಯಲಿಲ್ಲ.

ಹೊಳೆ ದಾಟಿ ಅರಭಾವಿಯ ಏರಿನಲ್ಲಿ ಮೋಟಾರು ಕೆಮ್ಮಿತು, ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು, ನಿಂತಿತು. ಡ್ರೈವರ ಇಳಿದು ಒಲೆಗೆ ಗಾಳಿ ಹಾಕಿದ, ಗಂಡಸರೆಲ್ಲ ಇಳಿದು ದಬ್ಬಬೇಕೆಂದ. ಎಲ್ಲರೂ ಇಳಿದರು. ಬುವಾ ಇಳಿಯಲಿಲ್ಲ. ಏಲಕ್ಕಿ ಬಾಯಿಗೆ ಹಾಕಿಕೊಂಡು, "ನಾ ದಬ್ಬಿ ಉಸರ ಖರ್ಚ ಮಾಡಿದ್ರ ಅಲ್ಲೇನ ಹಾಡ್ಲಿ?" ಎಂದರು. ದುಂಡಪ್ಪ ಹಿಂದೆ ನಿಂತು ದಬ್ಬಿದ. ಬಿಸಿಯ ಹೊಗೆ ಮುಖಕ್ಕೆ ಹೊಡೆಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿದ ಬುವಾ, "ತಾಳ ತಪ್ಪಾಕತ್ತೈತಿ, ಎಲ್ಲಾರೂ ಕೂಡಿ ದಬ್ಬರಿ," ಎಂದು ತೊಡೆಯ ಮೇಲೆ ತಾಳ ಹಾಕಿ ತೋರಿಸಿದರು. ಈ ಮನುಷ್ಯನ ಗಂಟಲಿನಲ್ಲಿ ಆ ಹಾಡನ್ನು ಯಾಕೆ ಇಟ್ಟೆ ಶಿವನೇ, ಎಂದುಕೊಂಡ ದುಂಡಪ್ಪ. ಕಲ್ಲು ಸಕ್ಕರೆಯನ್ನು ಚಪ್ಪಲಿಯಲ್ಲಿ ಇಟ್ಟ ಹಾಗೆ.

ಮೋಟಾರು ಹೊರಟ ಮೇಲೆ ಬುವಾ ಅವನ ತೊಡೆ ತಟ್ಟಿದರು. "ಇವತ್ತ ಒಂದ ವಿಶೇಷ ಹಾಡಾಂವದೇನಿ. ಮಂದಿ ಮುಂದ ಹಾಡೂದಿಲ್ಲ ನಾ ಅದನ್ನ. ಆದ್ರ ಅಂಥಾ ರಸಿಕರ ಮುಂದ ಹಾಡದಿದ್ರ ಹೆಂಗ? ಬಾಗಿಲ ತೆರೆದಿಟ್ಟು ಕೂತೇನೊ ಅಂತ."

ದುಂಡಪ್ಪನ ಬಾಯಿಂದ ಲವಂಗ ಹಾರಿತು. "ಬ್ಯಾಡ್ರಿ!"

"ಯಾಕ್ರಿ?"

"ಅದು... ಉದ್ದ ಆಕ್ಕೈತ್ರಿ."

"ನಿಮಗ ಹೆಂಗ ಗೊತ್ತ?"

"ಹೆಸರ ಕೇಳಿದ್ರ ಹಂಗ ಅನಸ್ತೈತ್ರಿ."

ಬುವಾ ಮುಖ ತಿರುಗಿಸಿಕೊಂಡು ಕೂತರು. ದುಂಡಪ್ಪ ಹೊಲಗಳನ್ನು ನೋಡಿದ. ಜೋಳದ ಕಣಿಕೆ, ಒಂಟಿ ಬೇವಿನ ಮರ, ಎಮ್ಮೆಯ ಮೇಲೆ ಕೂತ ಕಾಗೆ. ಇಷ್ಟು ವರ್ಷ ವೀರಪ್ಪನ ಕಣ್ಣಿಗೆ ಬೀಳದ ಹಾಗೆ ಕಾಪಾಡಿದ್ದನ್ನು ಇವತ್ತು ಅವನ ಮುಖಕ್ಕೆ ಎದುರಾಗಿ ಹಾಡುತ್ತಾರೆ. ಸತ್ತವನು ಏನೂ ಅನ್ನುವುದಿಲ್ಲ. ಅನ್ನುವುದಿಲ್ಲ ನಿಜ. ಆದರೆ ವೀರಪ್ಪನ ಬಾಯಿ ವೀರಪ್ಪನ ಮುಖದ ಮೇಲೆ ಮಾತ್ರ ಇದೆಯೇ? ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡರೆ ಬಾವಿ ಇರುವುದಿಲ್ಲ. ಕೈ ಹೊರಗೆ ಬಂದರೆ? ಆ ಹಾಡೂ ಬಾವಿಗೆ ಬಿದ್ದರೆ, ಮುಂದೆ ಬದುಕಿನಲ್ಲಿ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಇದನ್ನೆಲ್ಲ ಯೋಚಿಸುತ್ತಿದ್ದವನಿಗೆ, ಗೆಳೆಯನ ಮಣ್ಣಿಗೆ ಹೋಗುತ್ತ ಗೆಳೆಯನನ್ನು ಬಿಟ್ಟು ಉಳಿದದ್ದನ್ನೆಲ್ಲ ಯೋಚಿಸಿದೆನಲ್ಲ ಎಂದು ಮತ್ತೆ ನೆನಪಾಯಿತು. ಅವನು ಅಳಲು ಪ್ರಯತ್ನ ಮಾಡಿದ. ಬರಲಿಲ್ಲ.

ಮೂಡಲಗಿಯ ಮನೆಯ ಪಡಸಾಲೆಯಲ್ಲಿ ವೀರಪ್ಪನನ್ನು ಕೂರಿಸಿದ್ದರು. ಪದ್ಮಾಸನ ಹಾಕಿಸಿ, ಗೋಡೆಗೆ ಬೆನ್ನು ಕೊಟ್ಟು, ತಲೆ ಬಾಗದ ಹಾಗೆ ಹಣೆಗೆ ಬಿಳಿ ಪಟ್ಟಿ ಕಟ್ಟಿ ಹಿಂದಿನ ಗೂಟಕ್ಕೆ ಬಿಗಿದಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಮೇಲೆ ಸೇವಂತಿಗೆಯ ಹಾರ. ಬದುಕಿದ್ದಾಗ ಇಷ್ಟು ನೆಟ್ಟಗೆ ಅವನು ಎಲ್ಲಿಯೂ ಕೂತವನಲ್ಲ. ಯಾವಾಗಲೂ ಪಕ್ಕದವನ ಕಡೆಗೆ ವಾಲಿಕೊಂಡೇ ಕೂರುತ್ತಿದ್ದ. ದುಂಡಪ್ಪ ಪಾದ ಮುಟ್ಟಿ ನಮಸ್ಕಾರ ಮಾಡಿ ಏಳುವಷ್ಟರಲ್ಲಿ ವೀರಪ್ಪನ ಹೆಂಡತಿ ಕಾಶೆವ್ವ, "ಬಂದ್ರೇನ್ರಿ ಅಣ್ಣಾರ," ಎಂದು ಗೋಳಾಡಿ ಅತ್ತಳು. ಅಕ್ಕವ್ವ ಎಲ್ಲರಿಗೂ ಕೇಳುವ ಹಾಗೆ, "ಪಾಪ, ಹಲ್ಲ ನೋವಿನ್ಯಾಗೂ ಬಂದಾರವ್ವಾ," ಎಂದಳು. ಆಗಲೇ ದುಂಡಪ್ಪನ ರುಮಾಲಿನ ಸೆರಗು ಜಾರಿತು. ನೆರೆದವರು ಒಂದು ಗಳಿಗೆ ಹೆಣವನ್ನು ಬಿಟ್ಟು ಅವನ ಗಲ್ಲ ನೋಡಿದರು. "ನೋವು ಇದ್ದ ಬಾಜೂ ಕತ್ತಿ ಆಡಸೂದಿಲ್ಲ ನೋಡ್ರಿ," ಎಂದು ಯಾರೋ ಹಿರಿಯರು ತಿಳಿದವರ ಹಾಗೆ ವಿವರಿಸಿದರು. ಅಷ್ಟಕ್ಕೆ ಮಾನ ಉಳಿಯಿತು. ಕಾಶೆವ್ವ ಅವನನ್ನು ವೀರಪ್ಪನ ಬಲಮಗ್ಗುಲಿಗೇ ಕೂರಿಸಿದಳು. ಯಾವಾಗಲೂ ಕೂರುವ ಜಾಗ ಅದೇ.

ಬುವಾ ಎದುರು ಜಮಖಾನೆಯ ಮೇಲೆ ಕೂತು ಪೇಟಿ ತೆಗೆದರು. ತೆಗೆದು ಸುತ್ತ ನೋಡಿದರು. ಅವರ ಮುಖ ಸಣ್ಣದಾಯಿತು.

"ಯಜಮಾನ್ರನ್ನ ಸ್ವಲ್ಪ ಆ ಕಡೆ ಸರಸಾಕ ಆಕ್ಕೈತೇನ್ರಿ?"

"ಯಾಕ್ರಿ ಬುವಾ?" ಎಂದರು ಹಿರಿಯರು.

"ಮಂದಿ ಎಲ್ಲಾ ಅವರನ್ನ ನೋಡಾಕತ್ತಾರ. ಹಾಡಾಂವಗ ಕಳೆ ಏರೂದಿಲ್ಲ."

"ಅವರನ್ನ ನೋಡಾಕ ಬಂದಾರ್ರಿ ಮಂದಿ!"

"ನೋಡ್ಲಿ, ಬ್ಯಾಡ ಅನ್ನೂದಿಲ್ಲ. ಭಜನಿ ಆದಮ್ಯಾಲೆ ನೋಡ್ಲಿ."

ಹಿರಿಯರು ಬುವಾರ ಜಮಖಾನೆಯನ್ನೇ ಬುವಾಸಮೇತ ಎರಡು ಗೇಣು ಮುಂದಕ್ಕೆ ಎಳೆದರು. ದುಂಡಪ್ಪನ ಎಡ ಪಕ್ಕೆ ಬೆಚ್ಚಗಾಯಿತು. ಈಗ ವೀರಪ್ಪ ಏನೋ ಅನ್ನುತ್ತಾನೆ ಎಂದು ಪಕ್ಕೆ ಕಾದಿತು. ಏನೂ ಬರಲಿಲ್ಲ. ಇಷ್ಟು ದೊಡ್ಡ ಅವಕಾಶ, ಇಂಥ ಬುವಾ, ಇಂಥ ಮಾತು, ಮತ್ತು ವೀರಪ್ಪ ಸುಮ್ಮನೆ ಕೂತಿದ್ದಾನೆ. ಆಗ, ಮೊದಲ ಸಲ, ದುಂಡಪ್ಪನಿಗೆ ಅವನು ಸತ್ತಿದ್ದಾನೆ ಎಂದು ತಿಳಿಯಿತು. ಬೆಳಿಗ್ಗೆಯಿಂದ ಕೇಳಿದ್ದು ಸುದ್ದಿ ಮಾತ್ರ.

ನಾಲ್ಕಾರು ಪದಗಳಾದವು. ಬುವಾರ ಕೈ ಎಂದಿನಂತೆ ಬಾವಿಗೆ ಇಳಿದು ತಡಕಾಡಿತು. ದುಂಡಪ್ಪ ತುಟಿ ಕಚ್ಚಿ, ನೆಲದ ಸಗಣಿಯ ಗೆರೆಗಳನ್ನು ನೋಡುತ್ತ, ನಗು ಬಾರದ ಹಾಗೆ ತನ್ನ ತೊಡೆ ತಾನೇ ಚಿವುಟಿಕೊಂಡ. ಆಮೇಲೆ ಬುವಾ ಪೇಟಿಯನ್ನು ಪಕ್ಕಕ್ಕೆ ಸರಿಸಿದರು. ತಾಳದವರಿಗೆ ನಿಲ್ಲಿಸಿ ಎಂದರು. "ಬಾಗಿಲ ತೆರೆದಿಟ್ಟು..." ದುಂಡಪ್ಪ ಗಟ್ಟಿಯಾಗಿ ಕಣ್ಣು ಮುಚ್ಚಿದ. ಕೈ ತೊಡೆಯ ಕೆಳಗಿದೆಯೋ ಹೊರಗಿದೆಯೋ ನೋಡಲಾರೆ ಎಂದು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೂ ಪಕ್ಕೆ ಕಾಯುತ್ತಲೇ ಇತ್ತು, ಈಗ ತಿವಿಯುತ್ತದೆ, ಈಗ. ಬುವಾ ಎರಡನೆಯ ಸಾಲಿಗೆ ಬಂದರು. ತಿವಿಯಲಿಲ್ಲ. ಮೂರನೆಯದಕ್ಕೆ ಏರಿದರು. ಆ ಕಡೆ ಯಾರೂ ಇರಲಿಲ್ಲ. ಹಾಡಿಗೂ ಅವನಿಗೂ ನಡುವೆ ಯಾವಾಗಲೂ ನಿಂತಿರುತ್ತಿದ್ದ ಒಬ್ಬ ಮನುಷ್ಯ ಎದ್ದು ಹೋದ ಜಾಗದಿಂದ ದನಿ ನೆಟ್ಟಗೆ ಒಳಗೆ ಬಂತು. ಘಟಪ್ರಭಾದ ಮಧ್ಯಾಹ್ನದಲ್ಲಿಯೂ ಅದು ಇಷ್ಟು ಹತ್ತಿರ ಬಂದಿರಲಿಲ್ಲ. ಪೂರ್ತಿ ಒಂದು ಹಾಡು. ಯಾರೂ ಕೆಡಿಸದ, ಒಡೆಯದ, ಕೊನೆಯ ತನಕ ತುಂಬಿದ ಹಾಡು. ಮುಗಿದಾಗ ದುಂಡಪ್ಪನಿಗೆ ತಾನು ಎಲ್ಲಿದ್ದೇನೆ ಎಂಬುದು ಮರೆತು ಹೋಗಿತ್ತು. ಬೆಳಕು ಹರಿಯುವ ತನಕ ಕಂಪನಿ ನಾಟಕ ನೋಡಿ ಬೆಳೆದ ಬಾಯಿ ಅದು. ತಾನಾಗಿ ತೆರೆಯಿತು.

"ಒನ್ಸ್ ಮೋರ್!"

ಅಳುತ್ತಿದ್ದ ಹೆಂಗಸರೂ ಅಳು ನಿಲ್ಲಿಸಿದರು. ದುಂಡಪ್ಪ ಕಣ್ಣು ತೆರೆದ. ಎಲ್ಲರೂ ಅವನನ್ನು ನೋಡುತ್ತಿದ್ದರು, ವಿಭೂತಿ ಹಚ್ಚಿದ ವೀರಪ್ಪ ಒಬ್ಬನನ್ನು ಬಿಟ್ಟು. ಹೆಣದ ಮಗ್ಗುಲಲ್ಲಿ, ಅರ್ಧ ಗಡ್ಡದಲ್ಲಿ, ಒನ್ಸ್ ಮೋರ್. ಭೂಮಿ ಬಾಯಿ ತೆರೆದರೆ ವೀರಪ್ಪನಿಗಾಗಿ ತೆಗೆದ ಕುಣಿಯಲ್ಲಿ ಮೊದಲು ತಾನೇ ಇಳಿಯುತ್ತೇನೆ ಅನಿಸಿತು. "ಮರ್ಯಾದಿ ಅನ್ನೂದ ಐತೇನ್ರಿ?" ಎಂದು ಒಬ್ಬರು ಎದ್ದರು. "ಹಲ್ಲ ನೋವು ತಲಿಗೇರೇತಿ," ಎಂದಳು ಅಕ್ಕವ್ವ. ಬುವಾ ಮಾತ್ರ ಎಡಗೈಯನ್ನು ಎದೆಗೆ ಇಟ್ಟು, ನಾಟಕದ ರಾಜನ ಹಾಗೆ ಬಾಗಿ ಸಲಾಮು ಮಾಡಿ, ಶಾಲು ಸರಿಪಡಿಸಿಕೊಂಡು, ಮತ್ತೆ ಶುರು ಮಾಡಲು ಗಂಟಲು ಕೆರೆದುಕೊಂಡರು.

ಕಾಶೆವ್ವ ಹೆಂಗಸರ ನಡುವಿನಿಂದ ಎದ್ದು ಬಂದಳು. ಬೈಯುತ್ತಾಳೆ, ಬೈಯಲಿ, ಎಂದು ದುಂಡಪ್ಪ ತಲೆ ತಗ್ಗಿಸಿದ.

"ಹಾಡ್ರಿ ಬುವಾ. ಅಣ್ಣಾರು ಕೇಳ್ಯಾರ, ಹಾಡ್ರಿ," ಎಂದಳು. ಆಮೇಲೆ ದುಂಡಪ್ಪನ ಹತ್ತಿರ ಕುಕ್ಕರಗಾಲಲ್ಲಿ ಕೂತು ದನಿ ಇಳಿಸಿದಳು. "ಇವರು ಇರೂತನಕ ನಿಮಗ ಒಂದ ಹಾಡಾ ಪೂರ್ತಿ ಕೇಳಗೊಡಲಿಲ್ರಿ. ನನಗ ಗೊತ್ತೈತಿ. ಬೈತಿದ್ನಿ ನಾನು, ಯಾಕ ಹಂಗ ಮಾಡ್ತೀರಿ ಅಂತ."

"ಏನಂತಿದ್ದ?"

"ಇವರಿಗೆ ಹಾಡಿನ್ಯಾಗ ಏನೂ ತಿಳೀತಿರಲಿಲ್ರಿ. ದನದ ಗಂಟೀನೂ ಒಂದ, ಬುವಾನೂ ಒಂದ. ನೀವು ಹೋಗ್ತೀರಿ ಅಂತ ಬರತಿದ್ರು. ನೀವು ಹೋಗಿ ಕುಂತು ಕಣ್ಣ ಮುಚ್ಚಿಬಿಡತಿದ್ರಿ. 'ದುಂಡ್ಯಾ ಕಣ್ಣ ಮುಚ್ಚಿದ ಅಂದ್ರ ನಾ ಅಲ್ಲಿ ಒಬ್ಬಾಂವ ಆಕ್ಕೇನಿ ಕಾಶಿ. ಎಲ್ಲಿ ಹೋಗ್ತಾನೋ ಏನೋ, ನನಗ ಹಾದಿ ತಿಳಿಯೂದಿಲ್ಲ. ಏನರ ಅಂದು ತಿರುಗಿ ಕರಕೋತೇನಿ,' ಅಂತಿದ್ರು."

ಅವಳು ಎದ್ದು ಹೋದಳು. ಬುವಾ ಎರಡನೆಯ ಸಲ ಎತ್ತಿಕೊಂಡರು. ಮೊದಲಿಗಿಂತ ಚೆನ್ನಾಗಿ ಎತ್ತಿಕೊಂಡರು, ಅದು ದುಂಡಪ್ಪನಿಗೆ ಗೊತ್ತಾಯಿತು. ಅವನ ರೆಪ್ಪೆಗಳು ತಾವಾಗಿ ಇಳಿಯತೊಡಗಿದವು. ಅವನು ಅವನ್ನು ಹಿಡಿದು ನಿಲ್ಲಿಸಿದ. ಒಳಗೆ ಹೋದರೆ ಆ ಹಾಡು ಇದೆ. ಹೊರಗೆ, ಗೋಡೆಗೆ ಬಿಗಿದ ಪಟ್ಟಿಯ ಆಸರೆಯಲ್ಲಿ, ಇಷ್ಟು ಜನರ ನಡುವೆ, ಒಬ್ಬ ಕೂತಿದ್ದಾನೆ. ದುಂಡಪ್ಪ ಕಣ್ಣು ಮುಚ್ಚಲಿಲ್ಲ. ಬುವಾರನ್ನು ದಿಟ್ಟಿಸಿ ನೋಡಿದ. ಹೊಗಳಿಕೆಗೆ ಉಬ್ಬಿದ ಬುವಾರ ಹುಬ್ಬುಗಳು ಪ್ರತಿ ಸ್ವರಕ್ಕೂ ಮೇಲೆ ಮೇಲೆ ಹೋಗುತ್ತಿದ್ದವು. ದುಂಡಪ್ಪ ಎಡಕ್ಕೆ ವಾಲಿದ. ಕರ್ಪೂರದ ವಾಸನೆಯ ತಣ್ಣನೆಯ ಕಿವಿಯ ಹತ್ತಿರ ಬಾಯಿ ಒಯ್ದ. ಜೀವಮಾನದಲ್ಲಿ ಅವನು ಆಡಿದ ಮೊದಲ ಅಂಥ ಮಾತು ಅದು.

"ಹುಬ್ಬ ನೋಡೋ ವೀರಪ್ಪಾ. ಇನ್ನೊಂದೀಟ ಏರಿದ್ರ ರುಮಾಲಿನ್ಯಾಗ ಹೊಕ್ಕತಾವ. ಆಮ್ಯಾಲೆ ಹಜಾಮನ್ನ ಕರಸಿ ಹುಡಕಸಬೇಕು."

ಹಾಡು ಕೆಟ್ಟುಹೋಯಿತು. ದುಂಡಪ್ಪ ಅದು ಕೆಡುವುದನ್ನು ಕಣ್ಣಾರೆ ನೋಡಿದ. ಹೊಟ್ಟೆಯೊಳಗಿನಿಂದ ನಗು ಎದ್ದು ಬಂತು, ಎದೆಯ ಹತ್ತಿರ ಬರುವಾಗ ಅದು ನಗುವಾಗಿ ಉಳಿದಿರಲಿಲ್ಲ. ಹೆಗಲುಗಳು ಕುಣಿದವು, ಗಡ್ಡವಿದ್ದ ಗಲ್ಲ, ಇಲ್ಲದ ಗಲ್ಲ ಎರಡೂ ತೋಯ್ದವು. ಎದ್ದು ನಿಂತಿದ್ದ ಹಿರಿಯರು ಮತ್ತೆ ಕೂತರು. "ಎಂಥಾ ದೋಸ್ತಿ," ಎಂದರು. ಬುವಾ ತಮ್ಮ ಹಾಡಿಗೆ ಅತ್ತನೆಂದು ತಿಳಿದು, ಯಾರೂ ಕೇಳದಿದ್ದರೂ, ಮೂರನೆಯ ಸಲವೂ ಹಾಡಿದರು.

ಸಂಜೆಯ ಹೊತ್ತಿಗೆ ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು, ತಾಳ ಹಾಕುತ್ತ, ಹಳ್ಳದ ದಂಡೆಯ ಹೊಲಕ್ಕೆ ಒಯ್ದರು. ಅಯ್ಯನವರು ಮಂತ್ರ ಹೇಳಿದರು. ಅಂಗೈಯಲ್ಲಿ ಲಿಂಗ ಇಟ್ಟು ವೀರಪ್ಪನನ್ನು ಕುಣಿಯೊಳಗೆ ಇಳಿಸಿದರು. ಎಲ್ಲರೂ ಒಬ್ಬೊಬ್ಬರಾಗಿ ಬಿಲ್ವಪತ್ರೆ ಹಾಕಿ, ಒಂದು ಹಿಡಿ ಮಣ್ಣು ಹಾಕಿ, ಹಿಂದೆ ಸರಿದರು. ತನ್ನ ಸರದಿ ಬಂದಾಗ ದುಂಡಪ್ಪ ಪತ್ರೆ ಹಾಕಿ, ಮಣ್ಣು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಹಿಂದಿನವರು ಕಾದರು. ಬೇಡಿಕೊಳ್ಳುವಾಗ ಕಣ್ಣು ಮುಚ್ಚುವ ರೂಢಿ ಅವನದು. ಅವನು ಕಣ್ಣು ತೆರೆದೇ ಬೇಡಿಕೊಂಡ.

ಶಿವನೇ, ಇವನನ್ನು ನಿನ್ನ ಕಡೆ ಕಳಿಸುತ್ತಿದ್ದೇವೆ. ನಿನ್ನ ಸಭೆಯಲ್ಲಿ ಹಾಡುವವರು ಇದ್ದೇ ಇರುತ್ತಾರೆ. ಇವನಿಗೆ ಅದು ತಿಳಿಯುವುದಿಲ್ಲ, ಸಿಟ್ಟು ಮಾಡಬೇಡ. ನೀನು ಧ್ಯಾನಕ್ಕೆ ಕೂತರೆ ಯುಗಗಟ್ಟಲೆ ಕಣ್ಣು ಮುಚ್ಚುವ ದೇವರು. ಇವನು ಪಕ್ಕದಲ್ಲಿ ಇರುವಾಗ ಹಾಗೆ ಮಾಡಬೇಡಪ್ಪಾ, ಒಬ್ಬನೇ ಆಗುತ್ತಾನೆ. ಏನಾದರೂ ಅಂದರೆ ತಿರುಗಿ ನೋಡು, ಸ್ವಲ್ಪ ನಗು. ನನ್ನ ಗೆಳೆಯನಿಗೆ ಅಷ್ಟು ಶಾಂತಿ ಸಾಕು.